ಜೋಡಿಗುಂಡಿನ ಸೂರ್ಯ

"ಗುರುಗಳೇ, ಇಷ್ಟು ಹಂಬಲಿಸಿದರೂ ದೇವರು ನನಗೆ ಯಾಕೆ ಕಾಣುತ್ತಿಲ್ಲ?"

ಕೇಳಿದವನು ಚೆನ್ನಮಲ್ಲ. ಅವನು ಮಠಕ್ಕೆ ಬಂದು ಏಳು ವರ್ಷವಾಗಿತ್ತು. ದಿನವೂ ಬೆಳಗಿನ ಜಾವ ಎದ್ದು, ಪೂರ್ವಕ್ಕೆ ಮುಖ ಮಾಡಿ, ಬೆಳಕು ಹರಿಯುವವರೆಗೆ ಕೂರುತ್ತಿದ್ದ. ಉಪವಾಸ ಮಾಡಿದ್ದ, ಮೌನ ಹಿಡಿದಿದ್ದ.

ಗುರುಗಳು ಅವನನ್ನು ಹತ್ತಿರ ಕರೆದರು.

"ಹಂಬಲ ಇದೆ ಅಂತೀಯಲ್ಲ, ಒಳ್ಳೆಯದೇ" ಎಂದರು. "ಆದರೆ ಹಂಬಲಕ್ಕೂ ಒಂದು ಕೆಟ್ಟ ಚಾಳಿ ಇದೆ. ಅದನ್ನು ನೆಟ್ಟಗೆ ಹೇಳಿದರೆ ನೀನು ಒಪ್ಪುವವನಲ್ಲ. ಕತೆ ಹೇಳುತ್ತೇನೆ, ಕೂತುಕೋ."

ಚೆನ್ನಮಲ್ಲ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಊರಿಗೆಲ್ಲ ಇದ್ದದ್ದು ಒಂದೇ ಸ್ಟುಡಿಯೋ, ಅದು ಅವನದು. ಒಂದು ಪರದೆ, ಒಂದು ಸ್ಟೂಲು, ಕನ್ನಡಿಯ ಮುಂದೆ ಹಣಿಗೆ ಮತ್ತು ಪೌಡರ್ ಡಬ್ಬಿ, ಹಿಂದುಗಡೆ ಕೆಂಪು ದೀಪದ ಕತ್ತಲೆಕೋಣೆ. ಕೈ ಒಳ್ಳೆಯದಿತ್ತು. ಜೋಲು ಮುಖದವರೂ ಅವನ ಫೋಟೋದಲ್ಲಿ ಲಕ್ಷಣವಾಗಿ ಕಾಣುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಹಾಗಾಗಿ ಮೂಗಿನ ತುದಿಯಲ್ಲಿ ಸ್ವಲ್ಪ ಗರ್ವವೂ ಇತ್ತು.

ಮದುವೆಯವರಿಗಿಂತ ಸಾವಿನ ಮನೆಯವರೇ ಅವನ ಬಳಿ ಹೆಚ್ಚು ಬರುತ್ತಿದ್ದರು. ಆ ಸೀಮೆಯಲ್ಲಿ ಸತ್ತವರ ಹನ್ನೊಂದನೆಯ ದಿನಕ್ಕೆ ಫೋಟೋ ಬೇಕೇ ಬೇಕು. ಮಣೆಯ ಮೇಲೆ ಫೋಟೋ ಇಟ್ಟು, ಹಾರ ಹಾಕಿ, ಮುಂದೆ ಎಡೆ ಇಡಬೇಕು. ಆದರೆ ಬದುಕಿದ್ದಾಗ ಯಾರೂ ಫೋಟೋ ತೆಗೆಸಿರುತ್ತಿರಲಿಲ್ಲ. ಗುರುತಿನ ಚೀಟಿಗಳಿಗೆ ಫೋಟೋ ಅಂಟಿಸುವ ಕಾಲ ಇನ್ನೂ ಬಂದಿರಲಿಲ್ಲ. ಹಾಗಾಗಿ ಮನೆಯವರು ಯಾರದೋ ಮದುವೆಯ ಗುಂಪಿನ ಚಿತ್ರ ಹಿಡಿದು ಬರುತ್ತಿದ್ದರು. ಈ ಮೂಲೆಯಲ್ಲಿ, ಕಂಬದ ಹಿಂದೆ ಅರ್ಧ ಮುಖ ಕಾಣುತ್ತದಲ್ಲ, ಅವಳೇ ನಮ್ಮವ್ವ ಎನ್ನುತ್ತಿದ್ದರು. ಅವನು ಆ ಅರ್ಧ ಮುಖವನ್ನು ಬೇರೆ ಮಾಡಿ, ದೊಡ್ಡದು ಮಾಡಿ, ಉಳಿದರ್ಧವನ್ನು ಬ್ರಷ್ಷಿನಿಂದ ತುಂಬುತ್ತಿದ್ದ. ಕಣ್ಣು ಮುಚ್ಚಿದ್ದರೆ ಕಣ್ಣು ತೆರೆಸುತ್ತಿದ್ದ. ಕೊಡುವಾಗ ಮಾತ್ರ ಬೈಯದೆ ಕೊಡುತ್ತಿರಲಿಲ್ಲ. ಬದುಕಿದ್ದಾಗ ಒಂದು ಸಲ ಕರೆದುಕೊಂಡು ಬರುವುದಕ್ಕೆ ನಿಮಗೇನು ಧಾಡಿಯಾಗಿತ್ತು ಎಂದು ಕೇಳುತ್ತಿದ್ದ. ಅವರು ತಲೆ ತಗ್ಗಿಸಿ, ಫೋಟೋವನ್ನು ಎದೆಗವಚಿಕೊಂಡು ಹೋಗುತ್ತಿದ್ದರು.

ಅವನಿಗೆ ಮದುವೆಯಾಯಿತು. ಹೆಂಡತಿ ನಾಲ್ಕು ಹರದಾರಿ ಆಚೆ, ಒಂದು ಕಲ್ಲುಗುಡ್ಡದ ಬುಡದ ಹಳ್ಳಿಯವಳು. ಆಡು ಕಾಯುತ್ತ ಆ ಗುಡ್ಡವನ್ನು ಹತ್ತಿ ಇಳಿದು ಬೆಳೆದವಳು. ಮದುವೆಯ ಫೋಟೋಗಳನ್ನು ನೆರೆಯೂರಿನ ಇನ್ನೊಬ್ಬ ಫೋಟೋಗ್ರಾಫರ್ ತೆಗೆದಿದ್ದ. ಆ ಫಿಲ್ಮ್ ರೋಲಿಗೆ ಬೆಳಕು ಬಿದ್ದು ಹಾಳಾಗಿ ಒಂದೂ ಉಳಿಯಲಿಲ್ಲ. ಹೋಗಲಿ ಬಿಡು, ಕ್ಯಾಮೆರಾ ಮನೆಯಲ್ಲೇ ಇದೆ, ಯಾವಾಗ ಬೇಕಾದರೂ ತೆಗೆಯೋಣ ಎಂದು ಅವನು ನಕ್ಕ. ಅವಳೂ ನಕ್ಕಳು.

ಮದುವೆಯಾದ ಹೊಸದರಲ್ಲಿ ಒಂದು ದಿನ ಅವಳು ತನ್ನ ಗುಡ್ಡದ ಮಾತು ತೆಗೆದಳು. ಗುಡ್ಡದ ನೆತ್ತಿಯ ಮೇಲೆ ಆನೆಗಾತ್ರದ ಎರಡು ಬಂಡೆಗಳಿವೆ, ಅವುಗಳನ್ನು ಜೋಡಿಗುಂಡು ಎನ್ನುತ್ತಾರೆ. ವರ್ಷದಲ್ಲಿ ಒಂದೇ ವಾರ, ಧನುರ್ಮಾಸದ ಚಳಿಯಲ್ಲಿ, ಸೂರ್ಯ ಸರಿಯಾಗಿ ಆ ಎರಡರ ನಡುವೆ ಹುಟ್ಟುತ್ತಾನೆ. ಎದುರಿನ ಹಾಸುಬಂಡೆಯ ಮೇಲೆ ನಿಂತು ನೋಡಿದರೆ ಮಡಿಲಲ್ಲಿ ಕೂಸು ಕೂತ ಹಾಗೆ ಕಾಣುತ್ತಾನೆ. ಹತ್ತು ಉಸಿರು ಬಿಡುವಷ್ಟು ಹೊತ್ತು, ಆಮೇಲೆ ಎದ್ದು ಹೋಗುತ್ತಾನೆ. ಅವಳು ಇದನ್ನು ರೊಟ್ಟಿ ಬಡಿಯುತ್ತ, ನಮ್ಮ ಮನೆಯ ಹಿತ್ತಲಲ್ಲಿ ಒಂದು ಬೇವಿನ ಮರ ಇದೆ ಎಂದು ಹೇಳಿದಷ್ಟೇ ಸಹಜವಾಗಿ ಹೇಳಿದಳು.

ಕೇಳಿದ ದಿನದಿಂದ ಅವನಿಗೆ ಅದೇ ಧ್ಯಾನ. ಪರದೆಯ ಮುಂದೆ ಕೂತವರನ್ನು ತೆಗೆದು ತೆಗೆದು ಅವನಿಗೆ ಸಾಕಾಗಿತ್ತು. ಜೀವಮಾನದಲ್ಲಿ ಒಂದು ಚಿತ್ರ, ನೋಡಿದವರು ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸುವಂಥದ್ದು, ತನ್ನ ಕೈಯಿಂದ ಆಗಬೇಕು ಎಂದು ಆಸೆ ಹುಟ್ಟಿತು. ಆಸೆ ಹುಟ್ಟಿದ್ದು ತಪ್ಪಲ್ಲ, ಚೆನ್ನಮಲ್ಲ. ನಿನಗೂ ಹಾಗೆಯೇ ಹುಟ್ಟಿತು, ನನಗೂ ಹುಟ್ಟಿತ್ತು.

ಧನುರ್ಮಾಸ ಬಂತು. ಗಂಡಹೆಂಡಿರು ಹಿಂದಿನ ದಿನವೇ ಅವಳ ತವರಿಗೆ ಹೋಗಿ ಉಳಿದರು. ಕೋಳಿ ಕೂಗುವ ಮುಂಚೆ ಎದ್ದರು. ಅವಳು ಕಂದೀಲು ಹಿಡಿದು, ಬುತ್ತಿಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ನಡೆದಳು. ಅವನು ಕ್ಯಾಮೆರಾ ಚೀಲವನ್ನೂ ಮೂರು ಕಾಲಿನ ಸ್ಟ್ಯಾಂಡನ್ನೂ ಹೊತ್ತು ಹಿಂದೆ ನಡೆದ. ದಾರಿ ಎಂಬುದು ಅಲ್ಲಿರಲಿಲ್ಲ. ಬಂಡೆಯಿಂದ ಬಂಡೆಗೆ ಕಾಲಿಡಬೇಕು, ನಡುವೆ ಮುಳ್ಳುಕಂಟಿ. ಅವನು ಅವಳ ಹಿಮ್ಮಡಿಯ ಮೇಲೆ ಕಣ್ಣಿಟ್ಟು, ಅವಳು ಹೆಜ್ಜೆ ಇಟ್ಟಲ್ಲೇ ಹೆಜ್ಜೆ ಇಟ್ಟ. ಅವಳು ಒಂದು ಸಲವೂ ತಡವರಿಸಲಿಲ್ಲ.

ಹಾಸುಬಂಡೆ ಸಿಕ್ಕಿತು. ಅವನು ಸ್ಟ್ಯಾಂಡು ಊರಿ ಕ್ಯಾಮೆರಾ ಕೂರಿಸಿದ. ಅವಳು ಕಂದೀಲು ಆರಿಸಿ, ಚಿಕ್ಕಂದಿನಲ್ಲಿ ನಿಲ್ಲುತ್ತಿದ್ದ ಜಾಗಕ್ಕೇ ಹೋಗಿ, ನೇರ ಎದುರಿಗೆ ನಿಂತಳು. ಅವನು ಕ್ಯಾಮೆರಾದ ಕಂಡಿಯಲ್ಲಿ ಕಣ್ಣಿಟ್ಟು ನೋಡಿದರೆ ಗುಂಡುಗಳ ನಡುವೆ ಅವಳ ತಲೆ.

"ಸ್ವಲ್ಪ ಬಾಜೂಕ ಸರಿ" ಎಂದ.

ಅವಳು ಎಡಕ್ಕೆ ನಾಲ್ಕು ಹೆಜ್ಜೆ ಸರಿದು ಒಂದು ಬಂಡೆಗೆ ಒರಗಿ ನಿಂತಳು. ಆ ವರ್ಷ ಮಂಜು ಕವಿದು ಸೂರ್ಯನ ಸುಳಿವೇ ಸಿಗಲಿಲ್ಲ. ಇಬ್ಬರೂ ಬುತ್ತಿ ಬಿಚ್ಚಿ ರೊಟ್ಟಿ ತಿಂದು ಇಳಿದು ಬಂದರು.

ಮರುವರ್ಷ ಆಕಾಶ ತಿಳಿಯಾಗಿತ್ತು, ಅವನ ಉಸಿರೇ ಲೆನ್ಸಿಗೆ ಮಂಕು ಕವಿಸಿತು. ಇನ್ನೊಂದು ವರ್ಷ ಎರಡು ಬೆರಳಗಲದ ಮೋಡ ಎಲ್ಲಿಂದಲೋ ಬಂದು ಗುಂಡುಗಳ ನಡುವೆಯೇ ಕೂತಿತು. ಒಮ್ಮೆ ಎಲ್ಲ ಸರಿಯಿತ್ತು, ಆದರೆ ಚಳಿಗೆ ಅವನ ಬೆರಳು ನಡುಗಿ ಚಿತ್ರ ಅಲುಗಿತು. ವರ್ಷಕ್ಕೆ ಒಂದೇ ವಾರ, ಅದರಲ್ಲೂ ಆಕಾಶ ತೆರೆಯುತ್ತಿದ್ದದ್ದು ಒಂದೋ ಎರಡೋ ಬೆಳಗು. ತಪ್ಪಿದರೆ ಮತ್ತೆ ವರ್ಷ ಪೂರ್ತಿ ಕಾಯಬೇಕು. ಅವನು ಕಾದ. ಸ್ಟುಡಿಯೋದಲ್ಲಿ ಯಾರದೋ ಮುಖಕ್ಕೆ ದೀಪ ಹೊಂದಿಸುವಾಗಲೂ ಅವನ ಮನಸ್ಸು ಆ ಎರಡು ಬಂಡೆಗಳ ನಡುವೆ ಇರುತ್ತಿತ್ತು. ಉಣ್ಣುವಾಗ ಹೆಂಡತಿ ಏನಾದರೂ ಹೇಳಿದರೆ ಎರಡನೆಯ ಸಲ ಕೇಳುತ್ತಿದ್ದ.

ಪ್ರತಿ ವರ್ಷವೂ ಅವಳು ಮುಂದೆ, ಅವನು ಹಿಂದೆ. ಪ್ರತಿ ವರ್ಷವೂ ಬಂಡೆಯ ಮೇಲೆ ಅದೇ ಮಾತು. ಬರುಬರುತ್ತ ಮಾತೂ ಬೇಕಾಗಲಿಲ್ಲ. ಅವನು ಕಂಡಿಯಿಂದ ಕಣ್ಣು ತೆಗೆಯದೆ ಕೈಯನ್ನು ಎಡಕ್ಕೆ ಬೀಸುತ್ತಿದ್ದ, ಅವಳು ಸರಿಯುತ್ತಿದ್ದಳು.

ಆರನೆಯ ವರ್ಷವೋ ಏಳನೆಯ ವರ್ಷವೋ, ಅವಳು ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಗುಡ್ಡ ಹತ್ತುವುದಕ್ಕೆ ಯಾರಾದರೂ ಹೊಸ ಸೀರೆ ಉಡುತ್ತಾರೆಯೇ? ಅವನು ಅದನ್ನು ಗಮನಿಸಲಿಲ್ಲ. ಬಂಡೆಯ ಮೇಲೆ ಅವಳೇ ಬಾಯಿಬಿಟ್ಟು ಕೇಳಿದಳು.

"ಒಂದ ಸಲ ನಂದೂ ತಗೀರಿ. ಇಷ್ಟ ದೂರ ಬಂದೀವಿ."

"ರೋಲಿನಾಗ ಎರಡ ಉಳದಾವ. ಸೂರ್ಯಾ ನಿಂದ್ರಾಂವಲ್ಲ. ನೀ ಎಲ್ಲಿ ಹೊಕ್ಕಿ, ಮನ್ಯಾಗ ಇರಾಕೀನ ಅಲ್ಲ? ಬಾಜೂಕ ಸರಿ."

ನೋಡು ಅವನ ಜಾಣತನ. ಲೋಕ ಹುಟ್ಟಿದಾಗಿನಿಂದ ಒಂದು ದಿನವೂ ತಪ್ಪದೆ ಬರುವ ಸೂರ್ಯ ಅವನಿಗೆ ನಿಲ್ಲದವನಾದ. ಮಣ್ಣಿನ ಮೈಯವಳು ಎಲ್ಲೂ ಹೋಗದವಳಾದಳು. ನಗಬೇಡ. ನಾವೆಲ್ಲ ಜಾಣರಾಗುವುದು ಹೀಗೆಯೇ.

ಅವಳು ಬೇಸರ ತೋರಿಸಲಿಲ್ಲ. ಸರಿದು ನಿಂತಳು. ಆ ವರ್ಷವೂ ಚಿತ್ರ ಸರಿಯಾಗಲಿಲ್ಲ.

ಒಂಬತ್ತನೆಯ ವರ್ಷ ಎಲ್ಲವೂ ಕೂಡಿಬಂತು. ಮೋಡವಿಲ್ಲ, ಮಂಜಿಲ್ಲ, ಗಾಳಿಯಿಲ್ಲ. ಸೂರ್ಯ ಬಂದು ಜೋಡಿಗುಂಡಿನ ನಡುವೆ ಕೂತ. ಅವನು ಉಸಿರು ಹಿಡಿದು ಒತ್ತಿದ. ಕತ್ತಲೆಕೋಣೆಯಲ್ಲಿ ಕಾಗದದ ಮೇಲೆ ಚಿತ್ರ ಮೂಡುವಾಗ ಅವನಿಗೆ ಗೊತ್ತಾಯಿತು, ಇದೇ ಅದು. ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ಸ್ಟುಡಿಯೋದ ಎದುರುಗೋಡೆಗೆ ತೂಗುಹಾಕಿದ. ಊರವರು ಬಂದು ನೋಡಿದರು. ಮಾತಾಡುತ್ತ ಒಳಗೆ ಬಂದವರು ಅದರ ಮುಂದೆ ಮಾತು ನಿಲ್ಲಿಸಿದರು. ಹೆಂಡತಿಯೂ ಬಂದು ನೋಡಿ, ಬಹಳ ಚೆಂದ ಬಂದಿದೆ ಎಂದಳು. ಅವನ ಆಸೆ ತೀರಿತು.

ಮರುವರ್ಷ ಮತ್ತೆ ಧನುರ್ಮಾಸ ಬಂತು. ಅವಳು ಕಂದೀಲಿನ ಗಾಜನ್ನು ಬೂದಿ ಹಾಕಿ ತಿಕ್ಕಿ, ಎಣ್ಣೆ ತುಂಬಿ ಇಟ್ಟಿದ್ದಳು.

"ಈ ವರ್ಷ ಗುಡ್ಡಕ್ಕ ಹೋಗೂದಿಲ್ಲೇನ್ರಿ?"

"ಯಾಕ? ಸಿಕ್ಕೇತಲ್ಲ" ಎಂದ ಅವನು.

ಅವಳು ಕಂದೀಲನ್ನು ಮತ್ತೆ ಅಟ್ಟದ ಮೇಲೆ ಇಟ್ಟಳು. ಅವನು ಹೋದದ್ದು ಚಿತ್ರಕ್ಕಾಗಿ. ಅವಳು ಹೋದದ್ದು ಯಾತಕ್ಕೆ ಎಂದು ಅವನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಅಷ್ಟು ದೂರದ ದಾರಿಯನ್ನು ಗಂಡ ತನ್ನ ಹಿಂದೆಯೇ ನಡೆದು ಬರುವುದು ಅವಳಿಗೆ ಸಿಗುತ್ತಿದ್ದದ್ದು ವರ್ಷದಲ್ಲಿ ಆ ಒಂದು ವಾರ ಮಾತ್ರ.

ಆ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ಐದನೆಯ ದಿನ ತೀರಿಹೋದಳು.

ಹನ್ನೊಂದನೆಯ ದಿನಕ್ಕೆ ಫೋಟೋ ಬೇಕಲ್ಲ. ಬಂಧುಗಳು ಆ ಚಿಂತೆಯನ್ನೇ ಮಾಡಲಿಲ್ಲ. ಫೋಟೋಗ್ರಾಫರನ ಹೆಂಡತಿ, ರಾಶಿ ಫೋಟೋ ಇರುತ್ತವೆ, ಚೆನ್ನಾಗಿರುವುದೊಂದನ್ನು ಆರಿಸಿ ಇಡು ಎಂದರು. ಅವನು ಸ್ಟುಡಿಯೋದ ಬಾಗಿಲು ಹಾಕಿಕೊಂಡು ಕಪಾಟು ತೆರೆದ. ಒಂಬತ್ತು ವರ್ಷದ ನೆಗೆಟಿವ್‌ಗಳೆಲ್ಲ ಅಲ್ಲಿದ್ದವು. ಒಂದೊಂದನ್ನೇ ಬೆಳಕಿಗೆ ಹಿಡಿದು, ಭೂತಗನ್ನಡಿ ಇಟ್ಟು ಹುಡುಕಿದ. ಎಲ್ಲಿಯಾದರೂ ಒಂದು ಅರ್ಧ ಮುಖ ಇರಬಹುದು. ಸರಿಯುವುದು ತಡವಾಗಿ ಒಂದು ಹೆಗಲು, ಗಾಳಿಗೆ ಹಾರಿದ ಒಂದು ಸೆರಗು ಸಿಕ್ಕಿರಬಹುದು. ಅಷ್ಟು ಸಿಕ್ಕರೆ ಸಾಕಿತ್ತು, ಉಳಿದದ್ದನ್ನು ತುಂಬುವ ಕೈ ಅವನಿಗಿತ್ತು. ಎರಡು ಗುಂಡು, ಆಕಾಶ, ಸೂರ್ಯ. ಎಲ್ಲದರಲ್ಲೂ ಅಷ್ಟೇ. ಸರಿ ಎಂದಾಗಲೆಲ್ಲ ಅವಳು ಪೂರ್ತಿ ಸರಿದಿದ್ದಳು.

ಮದುವೆಯ ಗುಂಪಿನ ಚಿತ್ರಗಳನ್ನು ಹುಡುಕಿದ. ಊರಿನ ಮದುವೆಗಳಿಗೆಲ್ಲ ಅವನು ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಆದರೆ ಅಲ್ಲಿ ಅವಳು ಅವನ ಹಿಂದೆ ನಿಂತು ದೀಪ ಹಿಡಿಯುತ್ತಿದ್ದಳು.

ಕೊನೆಗೆ ಬ್ರಷ್ಷು ತೆಗೆದುಕೊಂಡು ನೆನಪಿನಿಂದ ಬರೆಯಲು ಕೂತ. ನೂರಾರು ಸತ್ತವರಿಗೆ ಕಣ್ಣು ತೆರೆಸಿದ ಕೈ ಅದು. ಹಣೆ ಬರೆದ, ಬೈತಲೆ ಬರೆದ. ಗದ್ದದ ಮೇಲೆ ಒಂದು ಮಚ್ಚೆ ಇತ್ತು. ಎಡಕ್ಕೋ, ಬಲಕ್ಕೋ? ಬ್ರಷ್ಷು ಅಲ್ಲೇ ನಿಂತಿತು. ಎಷ್ಟು ನೆನೆದರೂ ಕಣ್ಣ ಮುಂದೆ ಬಂದದ್ದು ಕಂದೀಲಿನ ಬೆಳಕಿನಲ್ಲಿ ಮುಂದೆ ಮುಂದೆ ಹೋಗುವ ಎರಡು ಹಿಮ್ಮಡಿ. ಅವುಗಳ ಬಿರುಕು ಬಿರುಕೂ ಅವನಿಗೆ ನೆನಪಿತ್ತು. ಹತ್ತು ವರ್ಷ ಎದುರು ಕೂತು ಬಡಿಸಿದ ಮುಖ ಬರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಗಾದೆ ಹೇಳುವುದು ಸುಲಭ, ಆ ಕತ್ತಲೆಯಲ್ಲಿ ಕೂತವನಿಗೆ ಗಾದೆಯಿಂದ ಏನೂ ಆಗುವುದಿಲ್ಲ. ಅವನು ಬ್ರಷ್ಷು ತೊಳೆದಿಟ್ಟ.

ಹನ್ನೊಂದನೆಯ ದಿನ ಎದುರುಗೋಡೆಯ ಚೌಕಟ್ಟನ್ನು ಇಳಿಸಿ ಮನೆಗೆ ತಂದ. ನಡುಮನೆಯಲ್ಲಿ ಮಣೆ ಹಾಕಿ, ಗೋಡೆಗೆ ಆನಿಸಿ ಇಟ್ಟ. ಬಂದ ಬಂಧುಗಳು ಒಬ್ಬರ ಮುಖ ಒಬ್ಬರು ನೋಡಿದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಪಿಸುಗುಟ್ಟಿದರು. ಅವಳ ತಾಯಿ ಮಡಿಲಲ್ಲಿ ಮಲ್ಲಿಗೆ ಹೂ ಕಟ್ಟಿಕೊಂಡು ಗುಡ್ಡದ ಹಳ್ಳಿಯಿಂದ ನಡೆದು ಬಂದಳು. ಮಣೆಯ ಮುಂದೆ ನಿಂತು ಕೇಳಿದಳು.

"ಅಳಿಯಂದಿರ, ನನ್ನ ಮಗಳ ಫೋಟೋ ಎಲ್ಲಿ?"

"ಇದ ಅತ್ತೀ. ಈ ಅಂಚಿನ ಆಚಿಕಡೆ ಎಡಕ್ಕ ನಿಂತಾಳ. ನಾನ ಬಾಜೂಕ ಸರಿ ಅಂದಿದ್ದೆ."

ಮುದುಕಿ ತುಸು ಹೊತ್ತು ಚಿತ್ರವನ್ನೇ ನೋಡಿದಳು. ತನ್ನ ಗುಡ್ಡ ಅವಳಿಗೆ ಗುರುತು ಸಿಕ್ಕಿತು. ಅವಳು ಅಳಿಯನನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಲ್ಲಿಗೆ ಹೂವನ್ನು ಮಡಿಲಿನಿಂದ ತೆಗೆದು, ಚೌಕಟ್ಟಿಗೆ ಏರಿಸದೆ, ಅದರ ಎಡಕ್ಕೆ ಬರೀ ಗೋಡೆಯ ಬುಡದಲ್ಲಿ ಇಟ್ಟು ಕೈಮುಗಿದಳು. ಎಡೆಯನ್ನೂ ಅಲ್ಲಿಗೇ ಸರಿಸಿದಳು. ಹತ್ತು ದಿನ ಒಂದು ಹನಿ ಕಣ್ಣೀರು ಹಾಕದೆ ಕಲ್ಲಾಗಿದ್ದ ಅವನು ಆಗ ಬಾಯಿಬಿಟ್ಟು ಅತ್ತ.

ಮತ್ತೆ ಧನುರ್ಮಾಸ ಬಂದಾಗ ಅವನಿಂದ ಊರಿನಲ್ಲಿ ಇರಲಾಗಲಿಲ್ಲ. ಅತ್ತೆಯ ಮನೆಗೆ ಹೋಗಿ ಉಳಿದ. ಕೋಳಿ ಕೂಗುವ ಮುಂಚೆ ಎದ್ದು, ಕಂದೀಲು ತಾನೇ ಹಿಡಿದು ಗುಡ್ಡ ಹತ್ತಿದ. ಒಂಬತ್ತು ವರ್ಷ ಹತ್ತಿದ ಗುಡ್ಡ. ಆದರೆ ನೂರು ಹೆಜ್ಜೆ ಹೋಗುವಷ್ಟರಲ್ಲಿ ದಾರಿ ತಪ್ಪಿತು. ಅವನು ಗುಡ್ಡವನ್ನು ನೋಡಿಕೊಂಡು ಹತ್ತಿದವನಲ್ಲವಲ್ಲ. ಯಾವ ಬಂಡೆಯಿಂದ ಯಾವ ಬಂಡೆಗೆ ಎಂಬುದು ಅವಳ ಕಾಲಿಗೆ ಗೊತ್ತಿತ್ತು, ಅವನ ಕಣ್ಣಿಗೆ ಗೊತ್ತಿರಲಿಲ್ಲ. ಮುಳ್ಳುಕಂಟಿಯಲ್ಲಿ ಧೋತರ ಹರಿಯಿತು, ಮೊಣಕಾಲು ತರಚಿತು. ಎರಡು ಸಲ ಹಿಂದಕ್ಕೆ ಇಳಿದು ಮತ್ತೆ ಹತ್ತಿದ. ಕೊನೆಗೆ ಹಾಸುಬಂಡೆ ಸಿಕ್ಕಾಗ ಬೆಳಕು ಹರಿದಿತ್ತು. ಸೂರ್ಯ ಜೋಡಿಗುಂಡಿನ ನಡುವಿನಿಂದ ಎದ್ದು ಗೇಣು ಮೇಲೆ ಹೋಗಿದ್ದ.

ಅವನಿಗೆ ಅದರಿಂದ ಬೇಸರವಾಗಲಿಲ್ಲ. ಸೂರ್ಯನನ್ನು ನೋಡಲು ಅವನು ಬಂದಿರಲಿಲ್ಲ. ಎಡಕ್ಕೆ ತಿರುಗಿದ.

ಅವಳು ಒರಗಿ ನಿಲ್ಲುತ್ತಿದ್ದ ಬಂಡೆಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಅವನು ಹೊಟ್ಟೆಪಾಡಿಗೆ ಮುಖಗಳಿಗೆ ಬೆಳಕು ಹೊಂದಿಸುವವನು. ಅವನಿಗೆ ಒಂದು ನೋಟ ಸಾಕು. ಕಣ್ಣು ಕುಕ್ಕದ ಬೆಳಕು, ಒಂದು ಕೆನ್ನೆಗೆ ತುಂಬಿ ಬಿದ್ದು ಇನ್ನೊಂದು ಕೆನ್ನೆಯನ್ನು ಮೆಲ್ಲಗೆ ನೆರಳಿಗೆ ಬಿಡುವ ಬೆಳಕು. ಇಂಥ ಬೆಳಕಿಗಾಗಿ ಅವನು ಸ್ಟುಡಿಯೋದಲ್ಲಿ ದೀಪಗಳನ್ನು ಅತ್ತಿಂದಿತ್ತ ಸರಿಸಿ ಸಾಯುತ್ತಿದ್ದ. ಒಂದು ದಿನವೂ ಇಷ್ಟು ಚೆನ್ನಾಗಿ ಬಿದ್ದಿರಲಿಲ್ಲ. ಆ ಗುಡ್ಡದಲ್ಲೆಲ್ಲ ಒಂದು ಮುಖವನ್ನು ನಿಲ್ಲಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಒಂಬತ್ತು ವರ್ಷ ಅವಳು ಆ ಬೆಳಕಿನಲ್ಲಿ ನಿಂತಿದ್ದಳು. ಒಂದು ವರ್ಷ ಹೊಸ ಸೀರೆ ಉಟ್ಟು ನಿಂತಿದ್ದಳು. ಅವನು ಕತ್ತು ತಿರುಗಿಸಿದ್ದರೆ ಸಾಕಿತ್ತು.

ಅವನು ಕ್ಯಾಮೆರಾವನ್ನು ಚೀಲದಿಂದ ತೆಗೆಯಲೇ ಇಲ್ಲ. ಆ ಬರಿದಾದ ಬಂಡೆಯನ್ನು ನೋಡುತ್ತ ನಿಂತ. ಆ ಸೀಮೆಯ ಗಂಡಸರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅವನೂ ಹತ್ತು ವರ್ಷದಲ್ಲಿ ಕರೆದಿರಲಿಲ್ಲ. ಆಗ ಕರೆದ.

"ಹುಲಿಗೆವ್ವಾ, ಅಲ್ಲೇ ನಿಂದ್ರು. ಅಳ್ಳಾಡಬ್ಯಾಡ."

ಬಿಸಿಲು ಏರಿತು. ಬಂಡೆಯ ಮೇಲಿನ ಆ ಬೆಳಕು ಬಿಳಿಚಿಕೊಂಡು ಎಲ್ಲ ಕಡೆಯ ಬಿಸಿಲಿನಂತೆಯೇ ಆಯಿತು. ಅವನು ಅಲ್ಲಿಯವರೆಗೂ ನಿಂತೇ ಇದ್ದ.

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟರು.

ಚೆನ್ನಮಲ್ಲನಿಗೆ ಆ ಫೋಟೋಗ್ರಾಫರನ ಮೇಲೆ ಕನಿಕರ ಹುಟ್ಟಿತ್ತು, ಸ್ವಲ್ಪ ಸಿಟ್ಟೂ ಬಂದಿತ್ತು. "ಎಂಥ ಕುರುಡ, ಗುರುಗಳೇ! ಆದರೆ ನಾನು ಕೇಳಿದ್ದು ದೇವರ ವಿಷಯ. ಈ ಕತೆಯಲ್ಲಿ ಅದಕ್ಕೆ ಉತ್ತರ ಎಲ್ಲಿದೆ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಏಳು ವರ್ಷದ ಹಿಂದೆ ಮನೆ ಬಿಟ್ಟು ಬರುವಾಗ ನೀನು ಯಾರಿಗೆ ಬಾಜೂಕ ಸರಿ ಅಂದು ಬಂದೆ?"

ಚೆನ್ನಮಲ್ಲ ತಾನು ಬಿಟ್ಟು ಬಂದ ಊರಿನ ಕಡೆ ಕತ್ತು ತಿರುಗಿಸಿದ.